ವತ್ಸಲಾ ಫೋನಿನಲ್ಲಿ ಚೆನ್ನಾಗಿದ್ದಾಳೆ

ಹೋದ ವಾರ ಒಂದು ಬೆಳಿಗ್ಗೆ ನನ್ನ ನಾದಿನಿ ವಿಡಿಯೋ ಕಾಲ್ ಕಟ್ ಮಾಡುವುದನ್ನು ಮರೆತಳು.

ಅಷ್ಟೇ ವಿಷಯ. ಯಾರು ಬೇಕಾದರೂ ಮರೆಯಬಹುದು. ಆದರೆ ಅಂದಿನಿಂದ ನನಗೆ ಫೋನ್ ಬಂದರೂ ಭಯ, ಬರದಿದ್ದರೂ ಭಯ.

ನಾದಿನಿ ಎಂದರೆ ವತ್ಸಲಾ, ನಮ್ಮವರ ತಂಗಿ. ಮದುವೆಯಾಗಲಿಲ್ಲ. ಆಫೀಸಿನಿಂದ ನಿವೃತ್ತಿಯಾದ ಮೇಲೆ ಘಾಟ್ಕೋಪರ್‌ನ ಒಂದು ಸೊಸೈಟಿಯಲ್ಲಿ ಒಬ್ಬಳೇ ಇದ್ದಾಳೆ. ನಾನು ವಡಾಲದಲ್ಲಿ. ನಮ್ಮವರು ತೀರಿಕೊಂಡ ಸಂಗತಿ ಈ ಅಂಕಣ ಓದುವವರಿಗೆ ಗೊತ್ತು. (ನಡುವೆ ಕೆಲವು ವಾರ ನಾನು ಬರೆಯಲಿಲ್ಲ. ವಿಚಾರಿಸಿದ ಎಲ್ಲರಿಗೂ ಉತ್ತರಿಸಲು ಆಗಲಿಲ್ಲ, ಬೇಸರ ಮಾಡಿಕೊಳ್ಳಬೇಡಿ.) ಅವರು ಹೋದ ಮೇಲೆ ವತ್ಸಲಾ ದಿನಾ ಬೆಳಿಗ್ಗೆ ವಿಡಿಯೋ ಕಾಲ್ ಮಾಡುತ್ತಾಳೆ. ಕಾಫಿ ಆಯಿತಾ, ತಿಂಡಿ ಏನು, ನಿದ್ದೆ ಬಂತಾ. ನಾನೂ ಅದನ್ನೇ ಕೇಳುತ್ತೇನೆ. ಇಬ್ಬರೂ ಚೆನ್ನಾಗಿದ್ದೇವೆ ಎಂದು ಇಬ್ಬರೂ ಹೇಳಿಕೊಳ್ಳುತ್ತೇವೆ.

ವಡಾಲದಿಂದ ಘಾಟ್ಕೋಪರ್ ಏನು ಸಮುದ್ರದಾಚೆಯ ಊರೇ? ಕುರ್ಲಾದಲ್ಲಿ ಒಮ್ಮೆ ಇಳಿದು ಹತ್ತಿದರೆ ಆಯಿತು. ಆದರೂ ನಾವು ಹೋಗಿ ಬಂದು ಮಾಡುತ್ತಿರಲಿಲ್ಲ. ಕಾರಣ ಇಬ್ಬರಿಗೂ ಗೊತ್ತಿತ್ತು, ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ ಅಷ್ಟೇ. ವತ್ಸಲಾಗೆ ಅವಳಣ್ಣನದೇ ಮುಖ. ಅದೇ ಹುಬ್ಬು, ಅದೇ ಹಣೆ, ಮಾತು ಕೇಳುವಾಗ ತಲೆಯನ್ನು ಸ್ವಲ್ಪ ಓರೆ ಮಾಡುವ ಅದೇ ರೀತಿ. ವೈಕುಂಠ ಸಮಾರಾಧನೆಯ ದಿನ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು "ಅತ್ತಿಗೆ" ಎಂದಾಗ ನನ್ನ ಕೈಯಲ್ಲಿದ್ದ ಪಾತ್ರೆ ಬಿದ್ದುಹೋಗಿತ್ತು. ಅವಳು ಅದನ್ನು ಎತ್ತಿ ಇಟ್ಟು ಆಚೆ ಹೋದಳು. ಮಾರನೆಯ ಬೆಳಗಿನಿಂದ ಫೋನು ಶುರುವಾಯಿತು.

ವಿಚಿತ್ರವೆಂದರೆ, ಫೋನಿನಲ್ಲಿ ಅದೇ ಮುಖ ನನ್ನನ್ನು ಏನೂ ಮಾಡುತ್ತಿರಲಿಲ್ಲ. ಹುಬ್ಬು ಅದೇ, ಹಣೆಯೂ ಅದೇ. ಆದರೂ ಎದೆ ಹೊಡೆದುಕೊಳ್ಳುತ್ತಿರಲಿಲ್ಲ.

ಇದೇಕೆ ಹೀಗೆ ಎಂದು ಯೋಚಿಸುತ್ತಿದ್ದಾಗ ಎಲ್ಲೋ ಒಂದು ಲೇಖನ ಓದಿದೆ. (ಅರ್ಧ ಅರ್ಥವಾಗಲಿಲ್ಲ, ಅರ್ಥವಾದ ಅರ್ಧವನ್ನು ಹೇಳುತ್ತೇನೆ.) ಇಬ್ಬರು ಎದುರಾಬದುರು ಕೂತಾಗ, ಮುಖವನ್ನು ಓದುವ ಮಿದುಳಿನ ಭಾಗಗಳು ಚುರುಕಾಗಿ ಕೆಲಸ ಮಾಡುತ್ತವಂತೆ. ಅದೇ ಮುಖ ಪರದೆಯ ಮೇಲೆ ಬಂದರೆ ಅಷ್ಟು ಎಚ್ಚರಗೊಳ್ಳುವುದಿಲ್ಲವಂತೆ. ಕಣ್ಣು ಕೂಡ ಎದುರಿನ ಮುಖದ ಮೇಲೆ ನಿಲ್ಲುವಷ್ಟು ಹೊತ್ತು ಪರದೆಯ ಮೇಲಿನ ಮುಖದಲ್ಲಿ ನಿಲ್ಲುವುದಿಲ್ಲ. ನಿಲ್ಲುವುದಾದರೂ ಹೇಗೆ? ಫೋನಿನಲ್ಲಿ ಕಣ್ಣಿಗೆ ಕಣ್ಣು ಸೇರುವುದೇ ಇಲ್ಲವಲ್ಲ. ನನ್ನ ಮುಖ ನೋಡಬೇಕೆಂದರೆ ಅವಳು ಕ್ಯಾಮೆರಾ ಬಿಟ್ಟು ಕೆಳಗೆ ನೋಡಬೇಕು. ಕ್ಯಾಮೆರಾ ನೋಡಿದರೆ ನಾನು ಕಾಣುವುದಿಲ್ಲ.

ಓದಿ ನನಗೆ ಸಮಾಧಾನವೇ ಆಯಿತು. ಮಿದುಳು ಅರ್ಧ ನಿದ್ದೆಯಲ್ಲಿದ್ದರೆ ಇರಲಿ ಬಿಡು, ದುಃಖಕ್ಕೂ ಸ್ವಲ್ಪ ನಿದ್ದೆ ಬೇಕು ಅಂದುಕೊಂಡೆ.

ಈಗ ಆ ಬೆಳಗಿಗೆ ಬರುತ್ತೇನೆ.

ಸಾವಾದ ಮನೆಗೆ ಮಾತಾಡಿಸಲು ಹೋದವರು ಹೊರಡುವಾಗ "ಹೋಗಿ ಬರ್ತೀನಿ" ಅನ್ನಬಾರದು ಎಂಬ ಪದ್ಧತಿ ನಿಮಗೂ ಗೊತ್ತು. ಸುಮ್ಮನೆ ಎದ್ದು ಹೋಗಬೇಕು. ವತ್ಸಲಾ ಇದನ್ನು ಫೋನಿಗೂ ಅನ್ವಯಿಸಿಬಿಟ್ಟಿದ್ದಾಳೆ. ವರ್ಷಾಬ್ದಿಕ ಮುಗಿಯುವ ತನಕ ನನಗೆ "ಇಡ್ತೀನಿ", "ಬರ್ತೀನಿ", "ಬೈ" ಒಂದೂ ಹೇಳುವುದಿಲ್ಲ. ಮಾತು ಮುಗಿಯಿತು ಅನ್ನಿಸಿದ ಕೂಡಲೇ ಕೆಂಪು ಗುಂಡಿ ಒತ್ತುತ್ತಾಳೆ, ಮುಖ ದೀಪ ಆರಿದ ಹಾಗೆ ಹೋಗುತ್ತದೆ. ನಾನೊಮ್ಮೆ ನಕ್ಕಿದ್ದೆ. "ಲೇ, ಫೋನಿಗೂ ಸೂತಕವೇನೇ?" ಎಂದಿದ್ದೆ. "ನಗಬೇಡಿ ಅತ್ತಿಗೆ. ಮುಂಬೈಗೆ ಬಂದು ಎಲ್ಲಾ ಬಿಟ್ಟಾಯ್ತು, ಇದೊಂದಿರ್ಲಿ" ಎಂದು ಗದರಿದ್ದಳು.

ಹಾಗಾಗಿ ಅವತ್ತು ಅವಳು ಮಾತಿನ ಮಧ್ಯೆ ಎದ್ದಾಗ, ಮುಗಿಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. "ಬೈ" ಅಂದಿದ್ದರೆ ನಾನೇ ಕಟ್ ಮಾಡುತ್ತಿದ್ದೆ. ಹಾಲು ಉಕ್ಕಿರಬೇಕು, ಬರುತ್ತಾಳೆ ಎಂದು ಕಾದೆ.

ಅವಳು ಇಯರ್‌ಫೋನ್ ತೆಗೆದು ಟೇಬಲ್ ಮೇಲಿಟ್ಟಳು. ಗೋಡೆಯ ಕಡೆ ತಿರುಗಿದಳು. ತಿರುಗುವಾಗಲೇ ನಗು ಉದುರಿಹೋಯಿತು. ಹಿಂಡಿ ಹಾಕಿದ ಬಟ್ಟೆಯ ಹಾಗೆ ಮುಖವೆಲ್ಲ ಮುದುಡಿತು. ಒಂದು ಕೈ ಎದೆಯ ಮೇಲೆ. ಇನ್ನೊಂದು ಕೈಯಲ್ಲಿ ಬೀರುವಿನ ಅಂಚು ಹಿಡಿದು, ನಿಧಾನವಾಗಿ, ಬಹಳ ನಿಧಾನವಾಗಿ ಕೆಳಗೆ ಇಳಿದಳು. ಭುಜ ಕಾಣಿಸಿತು, ಆಮೇಲೆ ತಲೆ. ಆಮೇಲೆ ಬರೀ ಗೋಡೆ.

"ವತ್ಸಲಾ! ಏ ವತ್ಸಲಾ!"

ಕೂಗಿದ್ದೆಲ್ಲ ಟೇಬಲ್ ಮೇಲಿನ ಇಯರ್‌ಫೋನಿಗೆ ಹೋಗುತ್ತಿತ್ತು.

ನಮ್ಮವರೂ ಹೀಗೇ ಎದೆ ಹಿಡಿದುಕೊಂಡಿದ್ದರು. "ಗ್ಯಾಸು ಕಣೇ, ಅಷ್ಟೇ" ಅಂದಿದ್ದರು. ಅದೇ ಅವರ ಕೊನೆಯ ಮಾತು.

ಯಾರಿಗೆ ಫೋನ್ ಮಾಡಲಿ? ಅವಳ ಪಕ್ಕದ ಮನೆಯವರ ನಂಬರ್ ನನ್ನ ಹತ್ತಿರ ಇಲ್ಲ. ದಿನಾ ಮುಖ ನೋಡುತ್ತಿದ್ದವಳಿಗೆ ನೆರೆಯವರ ನಂಬರ್ ಯಾಕೆ ಬೇಕು? ಕಾಲ್ ಕಟ್ ಮಾಡಲೂ ಧೈರ್ಯವಿಲ್ಲ. ಗೋಡೆಯಾದರೂ ಕಾಣುತ್ತಿದೆಯಲ್ಲ, ಅವಳು ಎದ್ದರೆ ಗೊತ್ತಾಗುತ್ತದಲ್ಲ. ಫೋನ್ ಹಿಡಿದು ಎದುರುಮನೆಗೆ ಓಡಿದೆ. ಸುಮನ್‌ತಾಯಿ ಒಮ್ಮೆ ಫೋನನ್ನೂ ಒಮ್ಮೆ ನನ್ನನ್ನೂ ನೋಡಿದರು. "ಅಗ, ಬಘತ್ ಕಾಯ್ ಬಸಲೀಸ್? ನಿಘ್! ಘರ್ ಮೀ ಬಘತೆ!" ನೋಡ್ತಾ ಏನು ಕೂತಿದ್ದೀಯ, ಹೊರಡು, ಮನೆ ನಾನು ನೋಡಿಕೊಳ್ಳುತ್ತೇನೆ.

ಆ ಹೊತ್ತಿನಲ್ಲಿ ಹೈವೇ ತುಂಬಾ ಟ್ರಾಫಿಕ್. ಟ್ಯಾಕ್ಸಿಗಿಂತ ಲೋಕಲ್ಲೇ ಬೇಗ. ಲೇಡೀಸ್ ಡಬ್ಬಿಯಲ್ಲಿ ನುಗ್ಗಿ, ಕಂಬಿಗೆ ಒರಗಿ, ಗೋಡೆ ನೋಡುತ್ತಾ ನಿಂತೆ. ಕ್ರೀಮ್ ಬಣ್ಣದ ಗೋಡೆ. ಒಂದು ಮೊಳೆ. ಫ್ಯಾನಿನ ನೆರಳು ತಿರುಗುತ್ತಿತ್ತು. ಫ್ಯಾನ್ ತಿರುಗಿದರೆ ಮನುಷ್ಯರು ಬದುಕಿದ್ದಾರೆ ಎಂದು ಅರ್ಥವೇ? ಆಗ ನನಗೆ ಹಾಗೇ ಅನ್ನಿಸಿತ್ತು.

ಪಕ್ಕದಲ್ಲಿದ್ದ ಕಾಲೇಜು ಹುಡುಗಿ ಇಣುಕಿ ನೋಡಿ ಗೆಳತಿಗೆ ಕಣ್ಣು ಹೊಡೆದಳು. "ಆಂಟಿ, ಯೇ ಕೌನ್‌ಸಾ ಸೀರಿಯಲ್ ಹೈ? ಹೀರೋಯಿನ್ ಕಬ್ ಆಯೇಗೀ?" ಇದ್ಯಾವ ಸೀರಿಯಲ್, ಹೀರೋಯಿನ್ ಯಾವಾಗ ಬರ್ತಾಳೆ?

ನಾನು ತಲೆ ಎತ್ತಿದೆ. ಹುಡುಗಿಯ ನಗು ಅಲ್ಲೇ ನಿಂತಿತು. "ಸಾರಿ ಆಂಟಿ" ಎಂದವಳೇ ತನ್ನ ಬ್ಯಾಗು ಎದೆಗೆ ಒತ್ತಿಕೊಂಡು, "ಹಟೋ, ಹಟೋ, ಆಂಟಿ ಕೋ ಉತರ್‌ನಾ ಹೈ" ಎಂದು ಬಾಗಿಲತನಕ ದಾರಿ ಬಿಡಿಸಿದಳು. ಅವಳಿಗೆ ನನ್ನ ಹೆಸರು ಗೊತ್ತಿಲ್ಲ. ನಾನು ಎಲ್ಲಿ ಇಳಿಯಬೇಕೆಂದೂ ಗೊತ್ತಿಲ್ಲ. ಒಂದು ಸಲ ಮುಖ ನೋಡಿದ್ದಳು ಅಷ್ಟೇ.

ಚುನಾಭಟ್ಟಿ ದಾಟುವಾಗ ಫ್ಯಾನಿನ ನೆರಳು ನಿಂತಿತು. ನೆಟ್‌ವರ್ಕ್ ಹೋಗಿತ್ತು. ಹಾಗೆಂದು ಗೊತ್ತಿದ್ದರೂ ಪರದೆಯನ್ನು ಬೆರಳಿನಿಂದ ಉಜ್ಜಿದೆ. ಆಮೇಲೆ ಕಾಲ್ ತಾನಾಗಿಯೇ ಕಟ್ ಆಯಿತು. ಕುರ್ಲಾದ ಬ್ರಿಜ್ ಹತ್ತುತ್ತಾ ಮತ್ತೆ ಮತ್ತೆ ಮಾಡಿದೆ. ರಿಂಗಾಗುತ್ತದೆ, ರಿಂಗಾಗುತ್ತದೆ, ನಿಲ್ಲುತ್ತದೆ. ಜನ ನನ್ನನ್ನು ತಳ್ಳಿಕೊಂಡು ಹೋದರೋ, ನಾನೇ ಅವರನ್ನು ತಳ್ಳಿದೆನೋ ನೆನಪಿಲ್ಲ.

ವತ್ಸಲಾಳ ಮನೆಯ ಬೆಲ್ ಒತ್ತಿದೆ. ಒಳಗೆ ಸದ್ದಿಲ್ಲ. ಬಾಗಿಲು ಬಡಿದೆ. ಆಮೇಲೆ ಚಿಲಕದ ಶಬ್ದ.

ಬಾಗಿಲು ತೆರೆಯಿತು. ನಮ್ಮವರು ನಿಂತಿದ್ದರು.

ಒಂದು ಕ್ಷಣ. ನಿಜವಾಗಿಯೂ ಒಂದೇ ಕ್ಷಣ. ಹುಬ್ಬು, ಹಣೆ, ಓರೆಯಾದ ತಲೆ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಇಷ್ಟು ತಿಂಗಳು ಅರ್ಧ ನಿದ್ದೆಯಲ್ಲಿದ್ದದ್ದೆಲ್ಲ ಒಮ್ಮೆಲೇ ಎದ್ದು ಕೂತಿತು. ಮರುಕ್ಷಣ ಆ ಮುಖ ವತ್ಸಲಾಳದೇ ಆಯಿತು. ಆಗ ಇನ್ನೊಂದು ಹೆದರಿಕೆ ಹಿಡಿಯಿತು. ತುಟಿಗೆ ಬಣ್ಣವೇ ಇರಲಿಲ್ಲ. ಮೇಲ್ದುಟಿಯ ಮೇಲೆ ಬೆವರು. ಕುತ್ತಿಗೆಯ ನರ ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ನೆನ್ನೆಯೂ, ಮೊನ್ನೆಯೂ, ಇವತ್ತು ಬೆಳಿಗ್ಗೆಯೂ ನಾನು ನೋಡಿ, ಚೆನ್ನಾಗಿದ್ದಾಳೆ ಎಂದು ತಿಳಿದುಕೊಂಡ ಮುಖ ಇದು.

ಅವಳೂ ನನ್ನನ್ನೇ ನೋಡುತ್ತಿದ್ದಳು.

"ಅತ್ತಿಗೆ, ಏನಿದು ಹೀಗಾಗಿದ್ದೀರಿ? ಫೋನಲ್ಲಿ ದುಂಡಗೆ ಕಾಣ್ತೀರಲ್ಲ!"

"ನನ್ನ ವಿಷಯ ಆಮೇಲೆ. ಎದೆ ನೋವಾ?"

"ಏನಿಲ್ಲ. ಗ್ಯಾಸು."

"ಆ ಮಾತು ಮಾತ್ರ ಹೇಳ್ಬೇಡ. ಇನ್ನೇನು ಬೇಕಾದ್ರೂ ಹೇಳು."

ಅವಳು ಅಲ್ಲೇ ಕುಸಿದು ಕೂತು ಅತ್ತಳು. ಮೆಟ್ಟಿಲು ಹತ್ತಿದರೆ ಎದೆ ಬಿಗಿಯುತ್ತದೆ, ಕೆಲವು ದಿನ ಮಾತಾಡಿದರೂ ಬಿಗಿಯುತ್ತದೆ ಎಂದಳು. ನನಗೆ ಕಾಣಿಸಬಾರದೆಂದು ದಿನಾ ಕಿಟಕಿಯ ಬೆಳಕಿಗೆ ಮುಖ ಮಾಡಿ ಕೂರುತ್ತಿದ್ದಳಂತೆ. ತಲೆ ಬಾಚಿ, ಕುಂಕುಮ ಇಟ್ಟು, ಸ್ವಲ್ಪ ಸುಧಾರಿಸಿಕೊಂಡು ಆಮೇಲೆ ಕಾಲ್ ಮಾಡುತ್ತಿದ್ದಳಂತೆ. "ನಿಮಗೆ ಹೇಗೆ ಹೇಳ್ಲಿ ಅತ್ತಿಗೆ? ಅಣ್ಣಂದು ನೋಡಿದ್ದೀರಿ. ಇನ್ನೊಂದು ಸಲ ತೋರಿಸ್ಲಾ?"

ಬೈಯಬೇಕೆಂದುಕೊಂಡೆ, ಆಗಲಿಲ್ಲ. ನಾನೂ ಕಾಲ್ ಬರುವ ಮುಂಚೆ ಮುಖ ತೊಳೆದು, ಕೆನ್ನೆ ಉಜ್ಜಿಕೊಂಡು ಕೂರುವವಳೇ.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು. ಇಸಿಜಿ ಮಾಡಿದರು, ನಾಲಿಗೆಯ ಕೆಳಗಿಡುವ ಮಾತ್ರೆ ಕೊಟ್ಟರು. "ಘರ್ ಮೇ ಕಿಸೀ ಕೋ ಥಾ ಕ್ಯಾ?" ಎಂದರು. ಮನೆಯಲ್ಲಿ ಯಾರಿಗಾದರೂ ಇತ್ತಾ? ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಡಾಕ್ಟರು ಮತ್ತೆ ಕೇಳಲಿಲ್ಲ. ಇಸಿಜಿಯಲ್ಲಿ ವ್ಯತ್ಯಾಸವಿದೆ, ಆಂಜಿಯೋಗ್ರಫಿ ಆಗಲೇಬೇಕು, ದಿನ ತಿಳಿಸುತ್ತೇವೆ, ಅಲ್ಲಿಯವರೆಗೆ ಒಬ್ಬರೇ ಇರಬೇಡಿ ಎಂದರು.

ಒಬ್ಬಳೇ ಇರಬೇಡ ಎಂದರೆ ಕೇಳುವ ಹೆಣ್ಣೇ ಅವಳು? ವಡಾಲಕ್ಕೆ ಬಾ ಎಂದೆ. "ಅಲ್ಲಿ ಅಣ್ಣನ ಕನ್ನಡಕ ಇನ್ನೂ ಟಿವಿ ಮೇಲಿದೆ. ನನ್ನಿಂದಾಗಲ್ಲ" ಎಂದಳು. ನಾನೇ ಇಲ್ಲಿರುತ್ತೇನೆ ಎಂದೆ. ಎರಡು ದಿನ ಇರಿಸಿಕೊಂಡಳು. ಮೂರನೆಯ ದಿನ, "ನೀವು ರಾತ್ರಿಯೆಲ್ಲ ನನ್ನ ಮುಖಾನೇ ನೋಡ್ತಾ ಕೂತಿರ್ತೀರಿ. ನಾನು ನಿದ್ದೆ ಮಾಡೋದು ಹೇಗೆ?" ಎಂದು ಕಳಿಸಿಬಿಟ್ಟಳು. ಸುಳ್ಳಲ್ಲ. ಉಸಿರಾಡುತ್ತಿದ್ದಾಳಾ ಎಂದು ನೋಡುತ್ತಿದ್ದೆ. ನಡುನಡುವೆ, ಅವಳ ಮುಖದಲ್ಲಿ ಅವರನ್ನೂ ನೋಡುತ್ತಿದ್ದೆ. ಆ ಭಯದಿಂದಲೇ ಅಲ್ಲವೇ ನಾನು ಇಷ್ಟು ತಿಂಗಳು ಫೋನಿನ ಹಿಂದೆ ಕೂತಿದ್ದು? ಅದಕ್ಕಿಂತ ದೊಡ್ಡ ಭಯ ಬಂದ ಮೇಲೆ ಅದನ್ನು ಪಕ್ಕಕ್ಕೆ ಸರಿಸಬೇಕಾಯಿತು. ಹೋಗಿಲ್ಲ, ಅಲ್ಲೇ ಇದೆ.

ನೆರೆಯವರ ನಂಬರ್ ತೆಗೆದುಕೊಂಡು ಬಂದಿದ್ದೇನೆ. ಮನೆಯ ಇನ್ನೊಂದು ಬೀಗದ ಕೈಯೂ ನನ್ನ ಪರ್ಸಿನಲ್ಲಿದೆ. ಆಸ್ಪತ್ರೆಯಿಂದ ಇನ್ನೂ ದಿನ ತಿಳಿಸಿಲ್ಲ.

ಬೆಳಗಿನ ವಿಡಿಯೋ ಕಾಲ್ ಮತ್ತೆ ಶುರುವಾಗಿದೆ. ತಲೆ ಬಾಚಿ, ಕುಂಕುಮ ಇಟ್ಟು, ಕಿಟಕಿಯ ಬೆಳಕಿನಲ್ಲಿ ವತ್ಸಲಾ ನಗುತ್ತಾಳೆ. "ನಾನು ಚೆನ್ನಾಗಿದ್ದೀನಿ ಅತ್ತಿಗೆ" ಅನ್ನುತ್ತಾಳೆ.

ನಾನು ಚಪ್ಪಲಿ ಹಾಕಿಕೊಳ್ಳುತ್ತೇನೆ.