ಭಾವನ ಕಲ್ಲುಗಳು

ಸಮುದ್ರದ ಮೀನು ಸಾಕುವ ಹುಚ್ಚು ಹತ್ತಿದ ನಮ್ಮ ಭಾವನ ಮನೆಯಲ್ಲಿ ಮೀನೊಂದೂ ಇಲ್ಲ, ಇರುವುದೆಲ್ಲ ಕಲ್ಲು. ಉಪ್ಪುನೀರಿನ ಮೀನುತೊಟ್ಟಿಯೊಳಗೆ ಜೋಡಿಸಲೆಂದು, ಯಾರೋ ಬಳಸಿ ಬಿಟ್ಟ ತೂತುತೂತಾದ ಹವಳದ ಒಣಕಲ್ಲುಗಳನ್ನು ಹೊತ್ತು ತಂದು, ಬ್ಲೀಚಿನಲ್ಲಿ ನೆನೆಸಿ, ಅಕ್ಕನ ಟೂತ್‌ಬ್ರಶ್ಶಿನಿಂದ ಉಜ್ಜಿ, ಬಾಲ್ಕನಿಯಲ್ಲಿ ಒಣಗಿಸಿ, ಮೂಗಿಗೆ ಹಿಡಿದು, “ಇನ್ನೂ ವಾಸನೆ ಇದೆ” ಎಂದು ಮತ್ತೆ ಬಕೆಟ್ಟಿಗೆ ಹಾಕುತ್ತಾರೆ. ಬಕೆಟ್ಟೆಲ್ಲ ಕಲ್ಲಿಗಾದ್ದರಿಂದ ಮನೆಮಂದಿ ಕುಕ್ಕರಿನಲ್ಲಿ ನೀರು ತುಂಬಿಕೊಂಡು ಸ್ನಾನ ಮಾಡುತ್ತಾರೆ. “ಒಂದು ಹುಳಾನೂ ಉಳೀಬಾರ್ದು, ತಿಳೀತಾ?” ಎಂದು ಕಂಡವರ ಮುಂದೆಲ್ಲ ಮೀಸೆ ತಿರುವುವ ಭಾವ, ಮೊನ್ನೆ ಬಾಲ್ಕನಿಯಿಂದ ತಂದ ಒಂದು ಕಲ್ಲನ್ನು ಮಾತ್ರ ಬ್ಲೀಚಿಗೆ ಹಾಕದೆ ತಮ್ಮ ದಿಂಬಿನ ಮೇಲಿಟ್ಟಿದ್ದರು. ಅಕ್ಕ ಗದರಲು ಬಾಯಿ ತೆರೆದಳು. ಭಾವ ತುಟಿಗೆ ಬೆರಳಿಟ್ಟು ಕಲ್ಲಿನ ತೂತು ತೋರಿಸಿದರು. ಒಳಗೊಂದು ಜೇಡ ತನ್ನ ಮೊಟ್ಟೆಗಳ ಗಂಟನ್ನು ಅವಚಿಕೊಂಡಿತ್ತು. “ಮೆಲ್ಲಗೆ ಕಣೇ, ಬಾಣಂತಿ ಮಲಗಿದಾಳೆ.”