ನಾಗಿ ಮನೆಯ ಗಂಜಿ

ಅತ್ತೆ ವೆಂಕಮ್ಮ ಎರಡನೇ ಸಲ ಆಸ್ಪತ್ರೆಯಿಂದ ಮನೆಗೆ ಬಂದ ದಿನವೇ ಕೋಲಸಿರ್ಸಿಯ ಪ್ರತಿಭಾ ಉಪ್ಪಿನಕಾಯಿಯ ಭರಣಿಯನ್ನು ಅಟ್ಟಕ್ಕೆ ಏರಿಸಿದಳು. ಹೃದಯ ದಣಿದಿದೆ, ಉಪ್ಪು ಹೆಚ್ಚಾದರೆ ಮೈಯಲ್ಲಿ ನೀರು ನಿಲ್ಲುತ್ತದೆ, ಉಸಿರು ಕಟ್ಟುತ್ತದೆ, ಮತ್ತೆ ಇಲ್ಲಿಗೇ ಬರಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ದಿನಾ ತೂಕ ನೋಡಿ, ಸ್ವಲ್ಪ ನಡೆಸಿ ಎಂದೂ ಹೇಳಿದ್ದರು.

ಅಂದಿನಿಂದ ಮನೆಮಂದಿಗೆಲ್ಲ ಒಂದೇ ಸಪ್ಪೆ ಸಾರು. ಗಂಡ ಮನೋಹರ ಸಿದ್ದಾಪುರದ ಗ್ಯಾರೇಜಿಗೆ ಹೋಗುವವನು, ಹೋಟೆಲಿನಲ್ಲಿ ನಾಲಿಗೆಯ ಚಪಲ ತೀರಿಸಿಕೊಳ್ಳುತ್ತಿದ್ದ. ವೆಂಕಮ್ಮ ಮಾತ್ರ ಬಟ್ಟಲನ್ನು ದೂಡುತ್ತಿದ್ದಳು.

"ಮಣ್ಣು ತಿಂದಂಗಾಗ್ತದೆ ಮಾರಾಯ್ತಿ."

"ಮಣ್ಣೇ ಆದ್ರೂ ತಿನ್ನಿ ಅತ್ತೆ. ಮತ್ತೆ ಆ ವಾರ್ಡಿನಲ್ಲಿ ಮಲಗ್ಬೇಕಾ?"

ಮಧ್ಯಾಹ್ನವಾದರೆ ವೆಂಕಮ್ಮ ಊರುಗೋಲು ಊರುತ್ತ, ಗದ್ದೆಯ ಅಂಚು ಹಿಡಿದು ಆಚೆ ಬದಿಯ ನೆರೆಯವಳಾದ ನಾಗಿಯ ಮನೆಗೆ ಹೊರಡುತ್ತಿದ್ದಳು. ಡಾಕ್ಟರು ಹೇಳಿದ ನಡಿಗೆ ಅದೊಂದೇ. ಬರುವಾಗ ಮುಖ ತುಂಬ ನಗು, ಬಾಯಿ ತುಂಬ ನಾಗಿ. "ಅದರ ಮಾತು ಕೇಳಿದ್ರೆ ಅರ್ಧ ರೋಗ ಹೋಗ್ತದೆ. ಹೊಟ್ಟೇಲಿ ಹುಟ್ಟಿದ ಮಗಳಿದ್ದಂಗೆ."

ಆಸ್ಪತ್ರೆಯಲ್ಲಿ ಮಂಚದ ಕೆಳಗೆ ಚಾಪೆ ಹಾಸಿ ಮಲಗಿದವಳು ಪ್ರತಿಭಾ. ಮೈ ಒರೆಸಿದ್ದು, ಉಚ್ಚೆ ಬಾಚಿದ್ದು ಅವಳು. ಒಂದು ದಿನವೂ ಅತ್ತೆಯ ಬಾಯಲ್ಲಿ ಅವಳು ಮಗಳಾಗಿರಲಿಲ್ಲ. ತೆಂಗಿನಕಾಯಿ ತುರಿಯುವಾಗ, ಬಟ್ಟೆ ಒಗೆಯುವಾಗ ಆ ಮಾತು ಅವಳೊಳಗೆ ಹಸಿ ಕಟ್ಟಿಗೆಯ ಹಾಗೆ ಹೊಗೆಯಾಡುತ್ತಿತ್ತು.

ಅಷ್ಟರಲ್ಲಿ ಅತ್ತೆಯ ತೂಕ ಏರತೊಡಗಿತು. ಪಾದದ ಮೇಲೆ ಬೆರಳು ಒತ್ತಿದರೆ ಕುಳಿ ಹಾಗೇ ಉಳಿಯುತ್ತಿತ್ತು. ತನ್ನ ಅಡುಗೆಯಲ್ಲೇ ಎಲ್ಲೋ ತಪ್ಪಿದೆ ಎಂದು ಹೆದರಿದ ಪ್ರತಿಭಾ ದೋಸೆ ಹಿಟ್ಟಿಗೂ ಉಪ್ಪು ಹಾಕುವುದನ್ನು ಬಿಟ್ಟಳು. ಪಾದದ ಬಾವು ಇಳಿಯಲಿಲ್ಲ. ಒಂದು ಮಧ್ಯಾಹ್ನ ಅತ್ತೆಯನ್ನು ಕರೆತರಲು ಅವಳೇ ಹೋದಳು.

ನಾಗಿಯ ಜಗಲಿಯ ಮೇಲೆ ವೆಂಕಮ್ಮ ಕುಳಿತಿದ್ದಳು. ಮುಂದೆ ಗಂಜಿ, ಮಗ್ಗುಲಲ್ಲಿ ಸುಟ್ಟ ಒಣಮೀನು.

"ಬಾ ಪ್ರತಿಭಾ, ಕೂತ್ಕೊ," ಎಂದಳು ನಾಗಿ. "ದೊಡ್ಡಮ್ಮ ಮನೇಲಿ ಎಂತದೂ ಉಣ್ಣೂದಿಲ್ವಂತೆ, ಪಾಪ."

"ಉಪ್ಪು ತಿನ್ನಿಸೋದು ನೀನು, ಆಸ್ಪತ್ರೇಲಿ ಚಾಪೆ ಹಾಸೋದು ನಾನು. ಚಲೋ ಆತು ನಾಗಕ್ಕ."

ನಾಗಿ ಬೆಚ್ಚಿದಳು. "ಗ್ಯಾಸ್ ಅಂದಿದ್ರಲ್ಲ ದೊಡ್ಡಮ್ಮ? ಹೃದಯದ್ದು ಅಂತ ನಂಗೆ ಹೇಳಲೇ ಇಲ್ಲ!"

ವೆಂಕಮ್ಮ ಯಾರ ಮುಖವನ್ನೂ ನೋಡದೆ ಮೀನಿನ ಮುಳ್ಳು ಬಿಡಿಸುತ್ತಿದ್ದಳು. ನಾಗಿ ಬಗ್ಗಿ ಆ ತಟ್ಟೆಯನ್ನು ಎತ್ತಿಕೊಂಡಳು.

ಅಂದು ಸಂಜೆಯೇ ಡಾಕ್ಟರಿಗೆ ತೋರಿಸಿದರು. ಮಾತ್ರೆ ಬದಲಾಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಸೇರಿಸಲೇಬೇಕಿತ್ತು ಎಂದರು ಅವರು.

ನಾಗಿಯ ಮನೆಯ ದಾರಿಯನ್ನೇ ತಪ್ಪಿಸಬೇಕೆಂದು ಪ್ರತಿಭಾಗೆ ಅನ್ನಿಸಿತು. ಹಾಗೆ ಮಾಡಿದರೆ ಅತ್ತೆ ಮೂಲೆ ಹಿಡಿಯುತ್ತಾಳೆಂಬುದೂ ಗೊತ್ತಿತ್ತು. ಮಾರನೇ ದಿನ ಗಂಜಿ ಅಕ್ಕಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ನಾಗಿಯ ಅಂಗಳಕ್ಕೆ ಹೋಗಿ ನಿಂತಳು.

"ಅತ್ತೆಗೆ ನೀನೇ ಉಣ್ಸು. ಉಪ್ಪು ಬೇಡ, ಮೀನೂ ಬೇಡ. ನಿನ್ನ ಕೈಯಿಂದಾದ್ರೆ ಗಂಟಲಲ್ಲಿ ಇಳೀತದೆ."

ಕೊನೆಯ ಮಾತು ಹೇಳಿ ಅವಳು ಸೆರಗಿನ ಗಂಟು ಬಿಚ್ಚಿ ಅಕ್ಕಿಯನ್ನು ನಾಗಿಯ ಮೊರಕ್ಕೆ ಸುರಿದಳು.

ನಾಗಿ ಸಪ್ಪೆ ಗಂಜಿಗೆ ಲಿಂಬೆ ಹಿಂಡಿ, ಜೀರಿಗೆ ಹುರಿದು ಹಾಕಿದಳು. ವೆಂಕಮ್ಮ ಬಟ್ಟಲು ಬರಿದಾಗುವವರೆಗೂ ಕುಡಿದಳು. ಪಾದದ ಬಾವು ಇಳಿಯಿತು. ಮಳೆಗಾಲ ಮುಗಿದರೂ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತಲಿಲ್ಲ.

"ನಾಗಕ್ಕ ಇಲ್ದಿದ್ರೆ ಅಮ್ಮ ಈ ಸಲವೂ ಅಲ್ಲೇ ಮಲಗ್ತಿತ್ತು," ಎಂದ ಮನೋಹರ. ಪ್ರತಿಭಾ ಅವನ ತಟ್ಟೆಗೆ ಸಾರು ಬಡಿಸಿ ಒಳಗೆ ಹೋದಳು.

ಒಮ್ಮೆ ಅವಳೂ ಲಿಂಬೆ ಹಿಂಡಿ, ಜೀರಿಗೆ ಹಾಕಿ ಗಂಜಿ ಮಾಡಿದಳು. ಅತ್ತೆ ಒಂದು ಗುಟುಕು ಕುಡಿದು, "ನಾಗಿದು ಬಂದಂಗೆ ಬರಲಿಲ್ಲ," ಎಂದಳು. ಊರುಗೋಲೂ ಹಿಡಿಯದೆ ಗದ್ದೆಯ ಅಂಚಿಗೆ ಇಳಿದಳು.

ಒಮ್ಮೆಯಾದರೂ ತಿರುಗಿ ನೋಡಲಿ ಎಂದು ಪ್ರತಿಭಾ ಬಾಗಿಲಲ್ಲೇ ನಿಂತಳು. ಅತ್ತೆ ತಿರುಗಲಿಲ್ಲ. ಆಚೆ ಅಂಗಳ ಮುಟ್ಟಿ, "ಏ ನಾಗೀ!" ಎಂದು ಕೂಗಿದ್ದು ಇಲ್ಲಿಯವರೆಗೂ ಕೇಳಿತು. ಎಲ್ಲೂ ಉಸಿರು ಕಟ್ಟದ, ತುಂಬಿದ ಕೂಗು.