ಮಗುವಿಗೆಂದು ತಂದ ರಬ್ಬರ್ ಬಟ್ಟೆ

ಮೊಮ್ಮಗಳು ಹುಟ್ಟಿದ ಬೆಳಿಗ್ಗೆ ನಾನು ನಕ್ಕೆ. ನಕ್ಕದ್ದೇ ತಪ್ಪಾಯಿತು. ಸೂಲಗಿತ್ತಿ ಮಗುವನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಅದು ಒಂದೇ ಕಣ್ಣು ತೆರೆದು, ಊಟದ ಹೊತ್ತಿಗೆ ಬಂದ ಬೇಡದ ನೆಂಟರನ್ನು ನೋಡುವ ಹಾಗೆ ನನ್ನನ್ನು ನೋಡಿತು. ನನಗೆ ನಗು ತಡೆಯಲಾಗಲಿಲ್ಲ. ಮದುವೆಯಾಗಿ ಎಷ್ಟೋ ವರ್ಷ ಕಾದು ಕಾದು ನನ್ನ ಮಗಳಿಗೆ ಹುಟ್ಟಿದ ಕೂಸು ಅದು, ನಗದೆ ಇರುವುದು ಹೇಗೆ? ನಗುತ್ತಿದ್ದ ಹಾಗೆಯೇ ಸೀರೆ ಒದ್ದೆಯಾಯಿತು. ಒಂದು ಹನಿ ಎರಡು ಹನಿಯಲ್ಲ, ಕಾಲಿನವರೆಗೆ ಇಳಿಯಿತು. ಸೂಲಗಿತ್ತಿ ನೆಲ ನೋಡಿ, ಮಗುವಿನ ಕೆಲಸ ಎಂದು ತಿಳಿದು ಗೋಣಿ ಎಳೆದು ಒರೆಸಿದಳು.

ಈ ತೊಂದರೆ ನನಗೆ ಹೊಸದಾಗಿರಲಿಲ್ಲ. ಕೊನೆಯ ಹೆರಿಗೆಯ ಮೇಲೆ ಕೆಮ್ಮಿದರೆ ಸೀನಿದರೆ ಸ್ವಲ್ಪ ಮೂತ್ರ ಹೋಗುತ್ತಿತ್ತು. ವಯಸ್ಸಾದಂತೆ ಸ್ವಲ್ಪ ಎಂಬುದು ಹೋಯಿತು. ಹಳೆಯ ಸೀರೆಯ ತುಂಡುಗಳನ್ನು ಮಡಚಿ ಕಟ್ಟಿಕೊಂಡು, ಬಾವಿಯ ಹಿಂದೆ ಒಗೆದು, ದಾಸವಾಳದ ಬೇಲಿಯ ಒಳಬದಿಗೆ ಒಣಗಲು ಹಾಕಿ ದಿನ ದೂಡುತ್ತಿದ್ದೆ. ಯಾರಿಗೂ ಹೇಳಿರಲಿಲ್ಲ. ಗಂಡ ತೀರಿಕೊಂಡಿದ್ದರು. ಮಗಳಿಗೆ ಇಂಥದ್ದನ್ನು ಹೇಳುವ ತಾಯಿ ನಮ್ಮ ಕಾಲದಲ್ಲಿ ಇರಲಿಲ್ಲ. ಇಗರ್ಜಿಯಲ್ಲಿ, ನಮ್ಮ ಚರ್ಚಿನಲ್ಲಿ, ಬಾಗಿಲ ಹತ್ತಿರದ ಬೆಂಚಿನಲ್ಲಿ ಕುಳಿತು, ಪೂಜೆ ಮುಗಿಯುವ ಮೊದಲೇ ಎದ್ದು ಬರುತ್ತಿದ್ದೆ. ನನಗೆ ಭಕ್ತಿ ಕಡಿಮೆ ಎಂದು ಜನ ಆಡಿಕೊಳ್ಳುತ್ತಿದ್ದರಂತೆ. ಆಡಲಿ ಎಂದು ಸುಮ್ಮನಿದ್ದೆ.

ಆದರೆ ಈಗ ಸುಮ್ಮನಿರಲು ಆಗುತ್ತಿರಲಿಲ್ಲ. ನಮ್ಮ ಕೊಂಕಣಿ ಕಿರಿಸ್ತಾನರಲ್ಲಿ ಚೊಚ್ಚಲ ಮಗುವಿನ ತಲೆಗೆ ನೀರು ಹಾಕಿ ಹೆಸರಿಡುವ ಜ್ಞಾನಸ್ನಾನಕ್ಕೆ ಅಪ್ಪನ ಕಡೆಯ ಅಜ್ಜ ಜ್ಞಾನತಂದೆಯಾಗಿ, ಅಮ್ಮನ ಕಡೆಯ ಅಜ್ಜಿ ಜ್ಞಾನತಾಯಿಯಾಗಿ ನಿಲ್ಲುವುದು ಪದ್ಧತಿ. ಬಾಣಂತಿ ಮನೆಯಲ್ಲೇ ಇರುತ್ತಾಳೆ. ಮಗುವನ್ನು ಎತ್ತಿಕೊಂಡು ಹೋಗುವವಳು, ಪಾದ್ರಿಯ ಎದುರು ನಿಲ್ಲುವವಳು, ಮಗುವಿನ ಪರವಾಗಿ ಉತ್ತರ ಹೇಳುವವಳು ಜ್ಞಾನತಾಯಿ. ಬರುವ ಆದಿತ್ಯವಾರ ಎಂದು ನಿಶ್ಚಯವಾಗಿತ್ತು. ಅಷ್ಟು ಹೊತ್ತು ನಿಲ್ಲಬೇಕು, ಎಲ್ಲರ ಕಣ್ಣ ಮುಂದೆ, ಬಿಳಿ ಅಂಗಿಯ ಕೂಸು ತೋಳಿನಲ್ಲಿ. ಅಲ್ಲಿ ನನ್ನ ಸೀರೆ ಒದ್ದೆಯಾದರೆ? ನನ್ನ ಬದಲು ತಂಗಿಯನ್ನು ನಿಲ್ಲಿಸುವುದೇ ಸರಿ ಎಂದು ಮನಸ್ಸು ಹೇಳುತ್ತಿತ್ತು. ಆಮೇಲೆ ಕೂಸಿನ ಮುಖ ನೋಡುತ್ತಿದ್ದೆ. ನೋಡಿದ ಮೇಲೆ ಯಾರಿಗೂ ಬಿಟ್ಟುಕೊಡಲು ಮನಸ್ಸು ಬರುತ್ತಿರಲಿಲ್ಲ.

ಕೊನೆಗೆ ಅತ್ತಾವರದ ನಮ್ಮ ಮನೆಯಿಂದ ಪೇಟೆ ನಡುವಿನ ಹಂಪನಕಟ್ಟೆಗೆ ನಡೆದೆ. ಅಲ್ಲಿ ಒಂದು ದೊಡ್ಡ ಮದ್ದಿನ ಅಂಗಡಿ ಇತ್ತು. ಆಸ್ಪತ್ರೆಗೆ ಬೇಕಾದ ಸಾಮಾನೆಲ್ಲ ಅಲ್ಲಿ ಸಿಗುತ್ತದೆ ಎಂದು ಕೇಳಿದ್ದೆ. ಅಂಗಡಿಯವನ ಗಂಟಲು ಮೀನು ಮಾರುವವರದು. ರಬ್ಬರ್ ಬಟ್ಟೆ ಉಂಟಾ ಎಂದು ನಾನು ಮೆಲ್ಲಗೆ ಕೇಳಿದರೆ, ಮಗುವಿಗಾ, ಮಲಗಿದಲ್ಲೇ ಇರುವವರಿಗಾ ಎಂದು ಅವನು ರಸ್ತೆಗೆ ಕೇಳುವ ಹಾಗೆ ಕೇಳಿದ. ಮಗುವಿಗೆ ಎಂದುಬಿಟ್ಟೆ.

ಅವನು ಮೇಜಿನ ಮೇಲೆ ಒಂದೊಂದೇ ಹರಡಿದ. ಆಸ್ಪತ್ರೆಯ ಮಂಚಕ್ಕೆ ಹಾಸುವ ದಪ್ಪ ಕೆಂಪು ರಬ್ಬರು, ಸೈಕಲ್ ಟ್ಯೂಬಿನ ವಾಸನೆ. ಮುಟ್ಟಿದರೆ ಹಪ್ಪಳ ಮುರಿದ ಸದ್ದು. ಅದನ್ನು ಉಟ್ಟುಕೊಂಡು ನಡೆದರೆ ಇಗರ್ಜಿಯ ಹಿಂದಿನ ಬೆಂಚಿನವರಿಗೂ ಕೇಳೀತು. ಆಮೇಲೆ ಬಿಳಿಯರ ಸೀಮೆಯಿಂದ ಬಂದ ಮಕ್ಕಳ ರಬ್ಬರ್ ಚಡ್ಡಿ. ಅದನ್ನು ಎರಡು ಬೆರಳಿಗೆ ತೊಡಿಸಿ ಕುಣಿಸಿ ತೋರಿಸಿದ. ನನಗಾಗುವ ಅಳತೆಯದು ಸೀಮೆಯಲ್ಲಾದರೂ ಉಂಟೋ ಇಲ್ಲವೋ, ಕೇಳುವ ಧೈರ್ಯ ಬರಲಿಲ್ಲ. ನೀಲಿ ಕಾಗದದಲ್ಲಿ ಸುತ್ತಿದ ಹತ್ತಿಯ ಸುರುಳಿ ಇತ್ತು. ಹತ್ತಿ ಚೆನ್ನಾಗಿ ಕುಡಿಯುತ್ತದೆ, ಆದರೆ ಕುಡಿದ ಮೇಲೆ ಉಂಡೆ ಕಟ್ಟಿ ಜಾರುತ್ತದೆ. ರಬ್ಬರು ಕುಡಿಯುವುದಿಲ್ಲ, ಬಂದದ್ದನ್ನು ಹೊರಗೆ ಬಿಡುವುದೂ ಇಲ್ಲ. ಹಾಗಾದರೆ ಎರಡೂ ಬೇಕು, ಮೈಗೆ ತಾಗುವಲ್ಲಿ ಹಳೆಯ ಮೆತ್ತನೆಯ ಸೀರೆಯೂ ಬೇಕು ಎಂದು ಲೆಕ್ಕ ಹಾಕಿದೆ. ತೆಳುವಾದ ರಬ್ಬರ್ ಬಟ್ಟೆಯೊಂದನ್ನು ಎತ್ತಿ ಸದ್ದು ಬರುತ್ತದೋ ಎಂದು ಕಿವಿಯ ಹತ್ತಿರ ಮಡಚಿ ನೋಡಿದೆ.

“ಎಂತ ಬಾಯಿ, ಅದು ಗ್ರಾಮಫೋನಾ?” ಎಂದ ಅಂಗಡಿಯವನು. ನಮ್ಮ ಕಿರಿಸ್ತಾನ ಹೆಂಗಸರನ್ನು ಊರಲ್ಲಿ ‘ಬಾಯಿ’ ಎಂದೇ ಕರೆಯುವುದು.

ಅಷ್ಟರಲ್ಲಿ ಒಳಬದಿಯ ಕೋಣೆಯಿಂದ ಒಬ್ಬರು ಹೊರಗೆ ಬಂದರು. ಕೋಟು, ಕೊಡೆ, ಕಂಕುಳಲ್ಲಿ ಪತ್ರಿಕೆಯ ಕಾಗದ ಸುತ್ತಿದ ಕಟ್ಟು. ನನ್ನ ಬೀಗರು, ಅಳಿಯನ ತಂದೆ. ಸರಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಮದುವೆಯ ದಿನ ಸಾರಿಗೆ ಉಪ್ಪು ಕಡಿಮೆ ಎಂದು ಹೇಳುವುದಕ್ಕೂ ಎದ್ದು ನಿಂತು ಕೋಟಿನ ಗುಂಡಿ ಹಾಕಿಕೊಂಡವರು. ನನ್ನ ಕೈಯಲ್ಲಿ ರಬ್ಬರು, ಕಿವಿಯ ಹತ್ತಿರ. ಅವರ ಮುಖ ಬಿಳಿಚಿಕೊಂಡಿತು. ನನ್ನ ಅವಸ್ಥೆ ನೋಡಿ ಎಂದು ನಾನು ತಿಳಿದೆ.

ಮಗುವಿಗೆ, ಎಂದೆ. ಅವರೂ ತಮ್ಮ ಕಟ್ಟನ್ನು ಕಂಕುಳಿಗೆ ಇನ್ನೂ ಒತ್ತಿಕೊಂಡು, ಇದು ಸಹ ಮಗುವಿಗೆ, ಎಂದರು. ನನಗೆ ಎಷ್ಟು ಸಂತೋಷವಾಯಿತೆಂದರೆ, ಇಷ್ಟು ಬಿಗಿಯ ಮನುಷ್ಯ ಮೊಮ್ಮಗಳಿಗೆ ತಾನೇ ಅಂಗಡಿಗೆ ಬಂದು ಸಾಮಾನು ತಂದರಲ್ಲ ಎಂದು ಕಣ್ಣು ತುಂಬಿತು. ಆ ತೆಳು ರಬ್ಬರ್ ಬಟ್ಟೆಯನ್ನೂ ಹತ್ತಿಯನ್ನೂ ನಾನು ಕಟ್ಟಿಸಿಕೊಂಡೆ. ಅವರು ನಮ್ಮ ಮನೆಗೇ ಹೊರಟಿದ್ದರಂತೆ, ನನ್ನ ಕಟ್ಟನ್ನೂ ತಾವೇ ಹಿಡಿದುಕೊಂಡರು. ದಾರಿಯುದ್ದಕ್ಕೂ ನಾನು ಕೂಸಿನ ಮೂಗು, ಬೆರಳು, ಕೂದಲು ಎಲ್ಲ ವರ್ಣಿಸಿದೆ. ಅವರು ಕಟ್ಟು ಹಿಡಿದು ಮುಂದೆ ಮುಂದೆ ನಡೆದರು.

ಮನೆಗೆ ಬಂದದ್ದೇ ನಾನು ಎರಡೂ ಕಟ್ಟುಗಳನ್ನು ಅವರ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಮಗಳ ಮಂಚದ ಮೇಲಿಟ್ಟೆ. ನೋಡು, ನಿನ್ನ ಮಾವ ಮಗುವಿಗೆ ಎಂತ ತಂದಿದ್ದಾರೆ ಎಂದೆ. ಅವರು ಬಾಗಿಲಲ್ಲಿ ನಿಂತು ಕೈ ಚಾಚಿದರು. ಬೇಡ, ಈಗ ಬೇಡ, ಎಂದರು. ನಾಚಿಕೆ ಎಂದುಕೊಂಡೆ.

ಮಗಳು ಮೊದಲು ನನ್ನದನ್ನು ಬಿಚ್ಚಿದಳು. ರಬ್ಬರ್ ಬಟ್ಟೆ, ಹತ್ತಿ. ಒಳ್ಳೆಯದೇ ಆಯಿತು ಎಂದು ಕೂಡಲೇ ಕೂಸನ್ನು ಎತ್ತಿ ಅದರ ಅಡಿಗೆ ಹಾಸಿಬಿಟ್ಟಳು. ನನ್ನ ಆದಿತ್ಯವಾರ ಅಲ್ಲೇ ಕೂಸಿನ ಅಡಿಗೆ ಹೋಯಿತು. ಆಮೇಲೆ ಅವಳು ಮಾವನ ಕಟ್ಟು ಬಿಚ್ಚಿದಳು. ಒಳಗಿದ್ದದ್ದು ರಬ್ಬರಿನ ಉದ್ದನೆಯ ಚೀಲ. ಮೇಲೆ ಅಗಲವಾದ ಬಾಯಿ, ಕೆಳಗೆ ಸಣ್ಣ ತಿರುಪು, ಬದಿಗೆ ಎರಡು ಪಟ್ಟಿ. ಅವಳು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು.

“ಮಾವ, ಇದರಲ್ಲಿ ಮಗುವಿಗೆ ಹಾಲು ಕುಡಿಸುವುದಾ?”

ನಾನು ಪಟ್ಟಿಗಳನ್ನು ನೋಡಿದೆ. ಒಂದು ಸೊಂಟಕ್ಕೆ, ಒಂದು ತೊಡೆಗೆ. ಅದು ಗಂಡಸಿನದು, ದೊಡ್ಡ ಗಂಡಸಿನದು. ಯಾತಕ್ಕೆ ಎಂದು ಒಮ್ಮೆಲೇ ಹೊಳೆಯಿತು, ನನ್ನದೇ ತೊಂದರೆಗೆ. ನಿಧಾನವಾಗಿ ಮಗಳಿಗೂ ಹೊಳೆಯಿತು. ಅವಳ ಕೈ ಅಲ್ಲೇ ನಿಂತಿತು. ಬೀಗರು ಕೋಟಿನ ಗುಂಡಿ ಹಾಕಿಕೊಂಡರು.

“ಬಾಯಿ, ನಾನು ಬಂದದ್ದು ಬೇರೆ ಮಾತಿಗೆ. ಜ್ಞಾನತಂದೆಯಾಗಿ ನನ್ನ ತಮ್ಮ ನಿಲ್ತಾನೆ. ನನಗೆ ಆಗುವುದಿಲ್ಲ. ಅದನ್ನು ಮದರಾಸಿನಿಂದ ತರಿಸಿದ್ದು ಹೌದು, ಆದರೆ ಧೈರ್ಯ ಸಾಲುವುದಿಲ್ಲ” ಎಂದರು. ಹೇಳಿ ಕೊಡೆ ತೆಗೆದುಕೊಂಡರು.

ನಾನು ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ನನ್ನ ಗುಟ್ಟು ಕೂಸಿನ ಅಡಿಯಲ್ಲಿ ಭದ್ರವಾಗಿತ್ತು. ಆದರೆ ಆ ಮನುಷ್ಯ ಮೊಮ್ಮಗಳ ಕಡೆಗೆ ಒಮ್ಮೆ ನೋಡಿ ಹೊರಗೆ ತಿರುಗಿದ ರೀತಿ ಇತ್ತಲ್ಲ, ಅದು ನನ್ನದೇ ಮುಖ. ನನ್ನ ಬಾಯಿಂದ ಮಾತು ಹೇಗೆ ಬಿತ್ತೋ ನನಗೇ ಗೊತ್ತಿಲ್ಲ.

“ಬೀಗರೇ, ನಿಲ್ಲಿ. ಮಗುವಿನ ಅಡಿಯಲ್ಲಿ ಉಂಟಲ್ಲ, ಅದನ್ನು ನಾನು ತಂದದ್ದು ನನಗೆ.”

ಮಗಳು ನನ್ನನ್ನು ನೋಡಿದಳು, ಮಾವನನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು. ಎಷ್ಟು ವರ್ಷದಿಂದ ಎಂದು ಕೇಳಿದಳು. ನೀನು ಸಣ್ಣವಳಿದ್ದಾಗಿನಿಂದ ಎಂದೆ. ಅವಳ ಕಣ್ಣಲ್ಲಿ ನೀರು ಬಂತು. ಆಮೇಲೆ ನನಗೆ ನಂಬಲಿಕ್ಕೆ ಆಗದ ಹಾಗೆ ಅವಳು ಕೂಸನ್ನು ಎತ್ತಿ, ರಬ್ಬರ್ ಬಟ್ಟೆಯನ್ನು ಎಳೆದು, ಕತ್ತರಿ ಕೊಡಿ ಎಂದಳು.

“ಮಾಯ್, ನೀರು ಹಾಕುವುದು ಮಗುವಿನ ತಲೆಗೆ. ಎಲ್ಲರೂ ನೋಡುವುದು ಅಲ್ಲಿಗೆ. ನಿಮ್ಮ ಸೀರೆಯ ಅಡಿಗೆ, ಮಾವನ ಪ್ಯಾಂಟಿನ ಅಡಿಗೆ ಯಾರು ಬಗ್ಗಿ ನೋಡ್ತಾರೆ?”

ಬೀಗರು ನಕ್ಕರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದ್ದು. ನನಗೂ ನಗು ಬಂತು, ಬಂದದ್ದೇ ಬಚ್ಚಲಿಗೆ ಓಡಿದೆ.

ಮಗಳು ಬಾಣಂತಿ ಮಂಚದಲ್ಲೇ ಕುಳಿತು ಹೊಲಿದಳು. ಹೊರಗೆ ರಬ್ಬರು, ನಡುವೆ ಹತ್ತಿ, ಹತ್ತಿ ಉಂಡೆ ಕಟ್ಟದಿರಲಿ ಎಂದು ಅಲ್ಲಲ್ಲಿ ಹೊಲಿಗೆ, ಮೈಗೆ ನನ್ನ ಹಳೆಯ ಹತ್ತಿ ಸೀರೆ, ಕಟ್ಟಲು ಲಾಡಿ. ರಬ್ಬರಿನ ಅಂಚು ತೊಡೆಗೆ ತಾಗಿ ಕೆಂಪಾಗುತ್ತದೆ ಎಂದು ಅಂಚಿಗೂ ಬಟ್ಟೆ ಸುತ್ತಿದಳು. ಹಾಕಿಕೊಂಡು ಅಂಗಳದಲ್ಲಿ ನಡೆದೆ, ಕುಕ್ಕರುಗಾಲಲ್ಲಿ ಕುಳಿತೆ, ಬೇಕೆಂದೇ ಕೆಮ್ಮಿದೆ. ಹನಿ ಹೊರಗೆ ಬರದೆ ಒಳಗೇ ನಿಂತಿತು. ಬೀಗರು ತಮ್ಮದನ್ನು ತಮ್ಮ ಮನೆಯಲ್ಲಿ ಹೇಗೆ ಪರೀಕ್ಷೆ ಮಾಡಿದರೋ, ನಾನು ಕೇಳಲಿಲ್ಲ. ತಮ್ಮ ನಿಲ್ಲುವುದು ಬೇಡ, ನಾನೇ ನಿಲ್ತೇನೆ ಎಂದು ಶನಿವಾರ ಹೇಳಿ ಕಳುಹಿಸಿದರು.

ಆದಿತ್ಯವಾರ ಜಟಕಾದಲ್ಲಿ ಕೂಸನ್ನು ಎತ್ತಿಕೊಂಡು ಹೋದೆ. ಇಗರ್ಜಿಯ ಬಾಗಿಲಲ್ಲೇ ಶಾಸ್ತ್ರ ಶುರುವಾಗುತ್ತದೆ. ಪಾದ್ರಿ ಹೆಸರು ಕೇಳಿ, ಪ್ರಾರ್ಥನೆ ಹೇಳಿ, ಕೂಸಿನ ನಾಲಗೆಗೆ ಒಂದು ಹರಳು ಉಪ್ಪು ಇಟ್ಟರು. ಕೂಸು ಮುಖ ಹುಳಿ ಮಾಡಿ, ಎರಡೂ ಕಣ್ಣು ಬಿಟ್ಟು, ನಾಲಗೆಯನ್ನು ಪಾದ್ರಿಯ ಕಡೆಗೇ ಚಾಚಿತು. ನಾನು ನಕ್ಕುಬಿಟ್ಟೆ, ಇಗರ್ಜಿಯ ಬಾಗಿಲಲ್ಲಿ, ಎಲ್ಲರ ಎದುರು, ಗಟ್ಟಿಯಾಗಿ. ನಕ್ಕದ್ದೇ ಹೋಯಿತು. ಬೆಚ್ಚಗೆ ಹೋದದ್ದು ಗೊತ್ತಾಯಿತು. ನೆಲ ನೋಡಿದೆ, ಒಣಗಿದ್ದ ನೆಲ. ಸೀರೆ ನೋಡಿದೆ, ಇಸ್ತ್ರಿ ಕೂಡ ಕೆಟ್ಟಿರಲಿಲ್ಲ. ಪಕ್ಕದಲ್ಲಿ ಬೀಗರು ನನ್ನನ್ನು ಓರೆಗಣ್ಣಿನಲ್ಲಿ ನೋಡಿ, ಏನೂ ಆಗಲಿಲ್ಲ ಎಂಬ ಹಾಗೆ ತಲೆ ಸ್ವಲ್ಪವೇ ಆಡಿಸಿದರು.

ಒಳಗೆ ಹೋದೆವು. ಎಷ್ಟೋ ವರ್ಷಗಳ ಮೇಲೆ ಮೊದಲ ಬಾರಿಗೆ ನಾನು ಹಿಂದಿನ ಬೆಂಚು ದಾಟಿ ಜ್ಞಾನಸ್ನಾನದ ಕಲ್ಲಿನ ತೊಟ್ಟಿಯವರೆಗೆ ಅವಸರವಿಲ್ಲದೆ ನಡೆದೆ. ಈ ಮಗುವಿಗೆ ಜ್ಞಾನಸ್ನಾನ ಬೇಕೋ ಎಂದು ಪಾದ್ರಿ ಲ್ಯಾಟಿನ್ನಿನಲ್ಲಿ ಕೇಳಿದರು. ಬೇಕು ಎನ್ನುವುದಕ್ಕೆ ‘ವೋಲೊ’ ಎನ್ನಬೇಕು. ಬೀಗರು ಅದನ್ನು ಮೆಲ್ಲಗೆ ಹೇಳಿದರು. ನಾನು ಎಷ್ಟು ಜೋರಾಗಿ ಹೇಳಿದೆನೆಂದರೆ ಕೂಸು ಬೆಚ್ಚಿ ನನ್ನ ರವಿಕೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿತು. ಹಾಗೆ ಹಿಡಿದುಕೊಂಡೇ ಇರುವಾಗ ಅದರ ತಲೆಯ ಮೇಲೆ ನೀರು ಬಿತ್ತು.